ಭರಣಿಯಲ್ಲಿ ಕೂರದ ಹಿತ್ತಾಳೆ ನಲ್ಲಿ

ಆ ಸಿಗಡಿಗಳನ್ನು ಕೊಂದವಳು ನಾನು, ಮಾರಣ್ಣ. ನಿಮ್ಮ ಪೈಪಲ್ಲ, ನಿಮ್ಮ ಅಂಟಲ್ಲ— ನಾನು. ಇರುವೆಯನ್ನೂ ನೋಡಿ ಕಾಲಿಡುವ ಜೈನರ ಮನೆಯ ಮಗಳು, ಶಾಲೆಯ ವಿಜ್ಞಾನದ ಟೀಚರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತಾರಲ್ಲ, ಅದು ನನ್ನದೇ ಕಥೆ.

ಆದರೂ ಆ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಎಸ್ಟೇಟು ಮಾರಿ ಹೋದವರು ಯಾರೋ ಶಾಲೆಗೆ ಕೊಟ್ಟ ಗಾಜಿನ ತೊಟ್ಟಿ. ಕೋಳಿಕ್ಕೋಡಿನಿಂದ ಜೀಪಿನಲ್ಲಿ, ಕ್ಯಾನುಗಳಲ್ಲಿ, ಘಾಟಿ ಹತ್ತಿ ನಮ್ಮ ಗಡಿನಾಡಿನ ಮಲಯಾಳ ಶಾಲೆಗೆ ಬಂದ ಕಡಲು! ಕಡಲನ್ನೇ ಕಾಣದ ಮಕ್ಕಳು ಬೆರಳದ್ದಿ ನೆಕ್ಕಿ, "ಉಪ್ಪು! ಉಪ್ಪು!" ಎಂದು ಕುಣಿದವು. ಬಿಳಿ ಪಟ್ಟಿಯ ಎರಡು ಕಿತ್ತಳೆ ಮೀನು, ಹನ್ನೊಂದು ಕೆಂಪು ಗೆರೆಯ ಸಿಗಡಿ, ಒಂದು ಹಿಡಿ ಶಂಖದ ಹುಳು. ಕಲ್ಲೂರಿನ ಮನೆಯಲ್ಲಿ ಅಮ್ಮನಿಗೆ ಒಂದೇ ಅನುಮಾನ— "ಸಾಕೋದೇನೋ ಸರಿ ಕಣೇ, ಕೊನೇಗೆ ಯಾರ ಹೊಟ್ಟೆಗೆ?"

ಶಾಲೆಯ ನಲ್ಲಿ, ಹೆಂಚು, ಬಾಗಿಲು ಎಲ್ಲ ನೋಡಿಕೊಳ್ಳುತ್ತಿದ್ದವರು ನೀವು. ತೊಟ್ಟಿಯ ಪೈಪಿನ ಕೆಲಸವೂ ನಿಮ್ಮದೇ ಆಯಿತು. ನಿಮ್ಮ ಹಾಡಿಯಲ್ಲಿ ಕಡಲ ನೀರಿನ ಕೆಲಸ ಮಾಡಿದವರು ಯಾರಿದ್ದರು? ನೀವೇ ಒಂದು ದಾರಿ ಹುಡುಕಿದಿರಿ. ಹಳೆಯ ಉಪ್ಪಿನಕಾಯಿ ಭರಣಿಯಲ್ಲಿ ಕಡಲ ನೀರು ತುಂಬಿ, ಅಂಗಡಿಯಿಂದ ತಂದ ಒಂದೊಂದು ತುಂಡನ್ನೂ ವಾರ ಕಾಲ ಮುಳುಗಿಸಿಟ್ಟಿರಿ. ನಾನು ತಂದ ಸ್ಟೀಲಿನ ಕ್ಲಿಪ್ಪು ನಾಲ್ಕನೇ ದಿನಕ್ಕೇ ತುಕ್ಕು ಕಾರಿತು. "ಟೀಚರ್ ತಂದದ್ದು ಫೇಲು!" ಎಂದು ಮಕ್ಕಳೆಲ್ಲ ಕೂಗಿದರು. ಕೊನೆಗೆ ಪಾಸಾದದ್ದು ಪ್ಲಾಸ್ಟಿಕ್ ಮಾತ್ರ— ಪೈಪು, ವಾಲ್ವು, ಕಟ್ಟುವ ಪಟ್ಟಿ ಎಲ್ಲವೂ.

ಅವು ಕಾಡಿನ ನೆಲಕ್ಕಾಗಿ ಹಾಡಿಯ ಆದಿವಾಸಿಗಳು ಗುಡಿಸಲು ಹಾಕಿ ಕೂತ ವರ್ಷಗಳು. ಬಾವಲಿ ದಾರಿಯಲ್ಲಿ ದಿನವೂ ಪೊಲೀಸ್ ಜೀಪು. ನೀವೂ ಹೊರಟಿರಿ.

"ನಮ್ ಮುತ್ತಜ್ಜನ ಮಣ್ಣು ಟೀಚರೆ, ಎರಡು ವಾರ ಕುಂತು ಬತ್ತೀನಿ. ಭರಣೀಲಿ ಕೂರುಸ್ದೆ ಏನೂ ಹಾಕ್ಬ್ಯಾಡಿ. ಲೋಹ ಅಂತೂ ಬ್ಯಾಡವೇ ಬ್ಯಾಡ."

ನೀವು ಹೋದ ಐದನೇ ದಿನಕ್ಕೆ ಪ್ಲಾಸ್ಟಿಕ್ ವಾಲ್ವು ಸಣ್ಣಗೆ ತೊಟ್ಟಿಕ್ಕತೊಡಗಿತು. ಕಾಯಬಹುದಿತ್ತು, ಕೆಳಗೊಂದು ಬಕೆಟ್ ಇಟ್ಟರೂ ಸಾಕಿತ್ತು. ಆದರೆ ನಮ್ಮ ಮನೆಯ ಅಟ್ಟದಲ್ಲಿ ಅಪ್ಪನ ಕಾಲದ ಹಿತ್ತಾಳೆ ನಲ್ಲಿ ಇತ್ತು. ಲೋಹ ಎಂದರೆ ಕಬ್ಬಿಣ ತಾನೇ— ಹಿತ್ತಾಳೆಗೇನು? ನಮ್ಮಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಗಂಟಿದ ಜೀವವನ್ನು ಮತ್ತೆ ಬಾವಿಗೇ ಬಿಟ್ಟು, ಆಮೇಲೆ ತಾಮ್ರ ಹಿತ್ತಾಳೆಯ ಬಿಂದಿಗೆಗೆ ತುಂಬುತ್ತೇವೆ. ಅದಕ್ಕಿಂತ ಮಡಿ ಇನ್ನಾವುದು? ಹುಣಸೆಹಣ್ಣು ಹಾಕಿ ಫಳಫಳ ಉಜ್ಜಿದೆ. ನಿಮ್ಮ ಭರಣಿಯ ಮುಂದೆಯೇ ಹಾದುಹೋಗಿ, ವಾಲ್ವಿನ ಜಾಗಕ್ಕೆ ನಾನೇ ಜೋಡಿಸಿದೆ. ಎಷ್ಟು ಚೆಂದ ಕಾಣುತ್ತಿತ್ತೆಂದರೆ—

ಮೂರನೇ ಬೆಳಿಗ್ಗೆ ಹನ್ನೊಂದೂ ಸಿಗಡಿ ಅಂಗಾತ ಬಿದ್ದಿದ್ದವು. ಶಂಖದ ಹುಳುಗಳು ಗಾಜಿನಿಂದ ಉದುರಿದ್ದವು. ಮೀನುಗಳು ಮಾತ್ರ ಈಜುತ್ತಿದ್ದವು. ನಲ್ಲಿಯ ಬಾಯಿಗೆ ಹಸಿರು ಕಟ್ಟಿತ್ತು. ಹಿತ್ತಾಳೆಯಲ್ಲಿ ತಾಮ್ರವಿದೆ ಎಂದು ಏಳನೇ ತರಗತಿಗೆ ಪಾಠ ಮಾಡುವವಳು ನಾನೇ. ಆ ತಾಮ್ರ ಉಪ್ಪುನೀರಿನಲ್ಲಿ ಕರಗಿ ಸಣ್ಣ ಜೀವಗಳಿಗೆ ವಿಷವಾಗಿತ್ತು. ನಲ್ಲಿ ಬಿಚ್ಚಿ ಚೀಲಕ್ಕೆ ಹಾಕಿ, ಪ್ಲಾಸ್ಟಿಕ್ಕನ್ನು ಅದರ ಜಾಗಕ್ಕೆ ಸೇರಿಸುವಷ್ಟರಲ್ಲಿ ಹೆಡ್‌ಮಾಸ್ಟರು ಬಂದರು. ತೊಟ್ಟಿ ನೋಡಿ ಮಲಯಾಳದಲ್ಲಿ ಕೇಳಿದರು— ಆ ಮಾರ ಹೋಗುವ ಮುಂಚೆ ನೆಲದ ಜಗಳದ ಸಿಟ್ಟಿಗೆ ಏನಾದರೂ ಬೆರೆಸಿ ಹೋದನೋ?

"ಆಯಿರಿಕ್ಕುಂ ಸಾರ್," ಎಂದೆ. ಇರಬಹುದು ಸಾರ್.

ಅಷ್ಟೇ. ನೀವು ತಿರುಗಿ ಬಂದಾಗ ನಿಮ್ಮನ್ನು ಗೇಟಿನೊಳಗೆ ಬಿಡಲಿಲ್ಲ. ನಾಲ್ಕು ವರ್ಷ ಕುಟ್ಟ ಊರಿನ ತೋಟಗಳಲ್ಲಿ ಕಾಫಿ ಕೊಯ್ದಿರಿ. ಗೇಟಿನಿಂದ ತಿರುಗಿ ಹೋದ ಆ ದಿನ ನಾನು ಸ್ಟಾಫ್ ರೂಮಿನ ಕಿಟಕಿಯಿಂದ ನಿಮ್ಮ ಬೆನ್ನು ನೋಡಿದ್ದೆ. ಕರೆಯಲಿಲ್ಲ.

ನಿನ್ನೆ ನೀವು ಸ್ಕೂಟರಿನಲ್ಲಿ ನಮ್ಮ ಅಂಗಳಕ್ಕೆ ಬಂದಾಗ, ತಲೆಯೆಲ್ಲ ಬೆಳ್ಳಗಾಗಿ, ಕಾಲ ನಡುವೆ ಅದೇ ಭರಣಿ ಇಟ್ಟುಕೊಂಡು— ಅಯ್ಯೋ, ಎಷ್ಟು ಖುಷಿಯಾಯಿತು ಗೊತ್ತೇ! ಈಗ ಸುತ್ತೆಲ್ಲ ಪೈಪಿನ ಕೆಲಸಕ್ಕೆ ನಿಮ್ಮನ್ನೇ ಕಾಯುತ್ತಾರೆ. ಅದೇ ಶಾಲೆಗೆ ಹೊಸ ಕಡಲ ತೊಟ್ಟಿ, ಅದೂ ನಿಮ್ಮ ಕೈಯಲ್ಲೇ.

"ಎಲ್ಲಾನೂ ಪಾಸಾಗ್ಯವೆ ಟೀಚರೆ. ಸೋಮವಾರ ನೀವೇ ಬಂದು ಮೊದಲ ನೀರು ಬುಡಬೇಕು. ಕಳ್ಳತನದಲ್ಲಿ ಏನೂ ತೂರಿಸ್ಬ್ಯಾಡಿ, ಆಯ್ತಾ!"

ನೀವು ತಮಾಷೆಗೇ ಅಂದಿರಿ. ನಾನು ಹೆಗಲು ಮುಟ್ಟಿ ನೋಡಿಕೊಂಡೆ. ಕಾಫಿ ಕೊಟ್ಟೆ, ಇಬ್ಬರೂ ನಕ್ಕೆವು, ಹಿತ್ತಾಳೆ ನಲ್ಲಿಯ ಮಾತೆತ್ತದೆಯೇ ನಿಮ್ಮನ್ನು ಕಳಿಸಿಕೊಟ್ಟೆ.

ಅದಕ್ಕೇ ಈ ಕಾಗದ. ಇಷ್ಟು ಬರೆದ ಮೇಲೆ ಹೊಳೆಯಿತು— ನಿಮಗೆ ಕನ್ನಡದ ಮಾತು ಗೊತ್ತು, ಅಕ್ಷರ ಗೊತ್ತಿಲ್ಲ. ಶಾಲೆ ಕಲಿಸಿದ್ದು ಮಲಯಾಳ. ನೀವು ಓದಲಾರಿರಿ ಎಂಬ ಧೈರ್ಯದಲ್ಲೇ ಇಷ್ಟುದ್ದ ಬರೆದೆನೋ ಏನೋ. ಇದೂ ಒಂದು ಬಚ್ಚಿಡುವಿಕೆಯೇ ಆಯಿತು.

ಅಟ್ಟ ಹತ್ತಿ ನಲ್ಲಿ ಇಳಿಸಿದ್ದೇನೆ. ಉಜ್ಜಿಲ್ಲ, ಹಸಿರು ಹಾಗೇ ಇದೆ. ಸೋಮವಾರ ಬರುತ್ತೇನೆ. ಮೊದಲು ನಿಮ್ಮನ್ನು ಒಬ್ಬರನ್ನೇ ಕರೆದು ಇದನ್ನು ಓದುತ್ತೇನೆ. ಆಮೇಲೆ ತೊಟ್ಟಿಯ ಕೋಣೆಯಲ್ಲಿ, ಮಕ್ಕಳೂ ಟೀಚರುಗಳೂ ಇರುವಾಗ, ಈ ನಲ್ಲಿ ಹಿಡಿದು ಮಲಯಾಳದಲ್ಲಿ ಹೇಳುತ್ತೇನೆ— ಮಾರಣ್ಣನಲ್ಲ, ನಾನು. ಆ ಮೇಲೂ ನಿಮಗೆ ಮನಸ್ಸಿದ್ದರೆ ನೀರು ಬಿಡಿ. ವಾಲ್ವು ತಿರುಗಿಸುವ ಕೈ ನಿಮ್ಮದಾಗಿರಲಿ.