ಅತ್ತೆಯವರ ಋಷಿಪಂಚಮಿ

ನಮ್ಮತ್ತೆಯವರ ಬಲಗೈ ತೋರುಬೆರಳು ತುದಿಯಲ್ಲಿ ಸೊಟ್ಟಗಿತ್ತು. ಅದನ್ನು ಯಾರತ್ತ ಚಾಚಿದರೂ ಪಕ್ಕದವರನ್ನು ತೋರಿಸಿದಂತೆ ಕಾಣುತ್ತಿತ್ತು. ನನ್ನ ವಿಷಯದಲ್ಲಿ ಮಾತ್ರ ಅದು ಎಂದೂ ಗುರಿ ತಪ್ಪಲಿಲ್ಲ.

ವಿಜಾಪುರದಿಂದ ಮದುವೆಯಾಗಿ ಮರಾಠಿ ಸೀಮೆಯ ಹಡಪಸರಕ್ಕೆ ಬಂದ ಹೊಸದರಲ್ಲೇ ಗೊತ್ತಾಯಿತು, ಈ ಮನೆಯಲ್ಲಿ ಜ್ವರ ಬರುವುದು ಸೊಳ್ಳೆಯಿಂದಲ್ಲ, ಪಾಪದಿಂದ. ಎದುರುಮನೆಯ ಹುಡುಗ ಬೈಕಿನಿಂದ ಬಿದ್ದರೆ ಅದು ಹಿಂದಿನ ಜನ್ಮದ್ದು. ಅತ್ತೆಯವರ ಸ್ವಂತ ಮೊಣಕಾಲು ನೋವು ಮಾತ್ರ ಯಾರದೋ ಕೆಟ್ಟ ದೃಷ್ಟಿ! ನೆರೆಯ ಮರಾಠಿ ಹೆಂಗಸರಿಗೂ "ಪಾಪ ಲಾಗ್ತಂ ಬಾಯಿ", ಪಾಪ ತಟ್ಟುತ್ತದಮ್ಮಾ, ಎಂದು ಉಪದೇಶ ನಡೆದೇ ಇರುತ್ತಿತ್ತು.

ಮದುವೆಯಾದ ಮರುವರ್ಷ ನನ್ನ ಚೊಚ್ಚಲ ಬಸಿರು ಇಳಿದುಹೋಯಿತು. ಆಸ್ಪತ್ರೆಯಿಂದ ಬಂದು ಗೋಡೆಗೆ ಮುಖ ಮಾಡಿ ಮಲಗಿದ್ದೆ. ನಿನ್ನ ತಪ್ಪಲ್ಲ ಎಂದು ಯಾರಾದರೂ ಒಮ್ಮೆ ಅಂದಿದ್ದರೆ ಸಾಕಿತ್ತು. ಅತ್ತೆ ಬಾಗಿಲಲ್ಲಿ ನಿಂತು ಬೆರಳು ಚಾಚಿದರು.

"ಮುಟ್ಟಾದಾಗ ದೇವರ ಮನಿ ಹೊಸ್ತಿಲಾ ದಾಟೀಯೇನ? ಖರೇ ಹೇಳು. ಆ ಪಾಪನ ಕೂಸಿನ್ನ ತಿಂದದ."

"ಇಲ್ರೀ ಅತ್ತಿ."

"ಈ ಜನ್ಮದಾಗ ಅಲ್ಲಂದ್ರ ಹಿಂದಿನ ಜನ್ಮದಾಗ ದಾಟಿರ್ತಿ."

ಅದಕ್ಕೆ ಎಲ್ಲಿಂದ ಸಾಕ್ಷಿ ತರಲಿ? ನನ್ನ ಗಂಡ ಪೇಪರ್ ಮಡಚಿಟ್ಟು ಹೊರಗೆ ಹೋದರು.

ಅಂದಿನಿಂದ ಪ್ರತಿವರ್ಷ ಗಣೇಶ ಚೌತಿಯ ಮರುದಿನ ಅತ್ತೆ ನನ್ನಿಂದ ಋಷಿಪಂಚಮಿ ಮಾಡಿಸತೊಡಗಿದರು. ಮುಟ್ಟಿನ ದಿನಗಳ ಪಾಪ ತೊಳೆಯುವ ವ್ರತವಂತೆ. ಉತ್ತರಾಣಿ ಕಡ್ಡಿಯಿಂದ ಹಲ್ಲುಜ್ಜಬೇಕು, ತಲೆಗೆ ನೀರು ಹಾಕಿಕೊಳ್ಳಬೇಕು, ಎತ್ತು ದುಡಿಯದ ನೆಲದಲ್ಲಿ ಬೆಳೆದದ್ದನ್ನಷ್ಟೇ ಉಣ್ಣಬೇಕು. ಎತ್ತಿನ ಮೇಲಿದ್ದ ಕರುಣೆ ಸೊಸೆಯ ಮೇಲಿರಲಿಲ್ಲ. ಆಮೇಲೆ ಮಗಳು ಹುಟ್ಟಿದಾಗ, ಅದು ತಾವು ಮಾಡಿಸಿದ ವ್ರತದ ಫಲವೆಂದು ಓಣಿಗೆಲ್ಲ ಹೇಳಿ ಬಂದರು.

ಕೊನೆಯ ವರ್ಷ ಅವರು ಹಾಸಿಗೆ ಹಿಡಿದಿದ್ದರು. ಋಷಿಪಂಚಮಿಯಂದು ಅವರನ್ನು ಬಚ್ಚಲಲ್ಲಿ ಕೂರಿಸಿ ನಾನೇ ನೀರು ಹಾಕುತ್ತಿದ್ದೆ. ತಲೆ ತಗ್ಗಿಸಿಯೇ ಅಂದರು, "ನಂದೂ ಚೊಚ್ಚಲ ಬಸಿರ ಹೋಗಿತ್ತು. ನಮ್ಮತ್ತಿ ನನಗೂ ಹಿಂಗ ಅಂದಿದ್ರು. ಭಾಳ ಅತ್ತಿದ್ದೆ."

ನಾನು ಕರಗುತ್ತೇನೆ ಎಂದುಕೊಂಡಿದ್ದರೇನೋ. ನನಗೆ ಸಿಟ್ಟು ನೆತ್ತಿಗೇರಿತು. ಆ ಮಾತು ಎಲ್ಲಿ ಚುಚ್ಚುತ್ತದೆಂದು ತಿಳಿದೇ ಚುಚ್ಚಿದ್ದರು!

"ಗೊತ್ತಿದ್ದೂ ಅಂದ್ರಲ್ರೀ ಅತ್ತಿ," ಎಂದೆ.

ತಂಬಿಗೆಯಲ್ಲಿ ಉಳಿದ ನೀರು ಹಾಕಿ, ತಲೆ ಒರೆಸಿ ಮಲಗಿಸಿದೆ.

ದೀಪಾವಳಿಗೆ ಮೊದಲೇ ತೀರಿಕೊಂಡರು. ಮರುವರ್ಷದ ಋಷಿಪಂಚಮಿಗೆ ನಾನು ಬಿಸಿ ರೊಟ್ಟಿ ಬಡಿದೆ. ಎತ್ತು ಉತ್ತ ಹೊಲದ ಜೋಳ, ತವರಿನಿಂದ ತರಿಸಿದ್ದು.

ಮಗಳು ತಾಟು ನೋಡಿ ಹಿಂಜರಿದಳು. "ಅವ್ವಾ, ಇವತ್ತ ಇದನ್ನ ತಿಂದ್ರ ಪಾಪ ಬರೂದಿಲ್ಲೇನ?"

"ಅದು ನಿಮ್ಮಜ್ಜಿ ಜೋಡಿ ಹೋತು. ಉಣ್ಣು," ಎಂದೆ.

ಮೊದಲ ತುತ್ತನ್ನು ಹೋದ ಕೂಸಿನ ಹೆಸರಲ್ಲಿ ನಾನೇ ಉಂಡೆ.