ಕುರಿ ನಡಿಗೆಯ ಅಳತೆ

ಯುದ್ಧ ಮುಗಿದ ಮರುಬೇಸಿಗೆಯಲ್ಲಿ ಗೊಳಸಂಗಿಯ ಆಚೆ, ನಾವು ಕುರಿ ಮೇಯಿಸುತ್ತಿದ್ದ ಎರೆಹೊಲಗಳಿಗೆ ಮಿಲ್ಟ್ರಿ ಜೀಪುಗಳು ಬಂದವು. ಅವುಗಳಲ್ಲಿ ಬಂದವರು ನೆಲದ ಬಿರುಕುಗಳಿಗೆ ಸಲಾಕೆ ಇಳಿಸಿ ಆಳ ನೋಡಿದರು, ಮಣ್ಣಿನ ಕಾವು ಅಳೆದರು, ಗಾಳಿಗೆ ತಿರುಗುವ ಬಟ್ಟಲುಗಳನ್ನು ಕಂಬಕ್ಕೆ ಕಟ್ಟಿದರು. ಆಮೇಲೆ ಹೆಜ್ಜೆಯ ಸಪ್ಪಳ ಹಿಡಿಯುವ ಡಬ್ಬಿಗಳನ್ನು ಹೂತರು. ಗಡಿಗೆ ಒಯ್ಯುವ ಮೊದಲು ಇಲ್ಲಿ ಅವುಗಳ ಪರೀಕ್ಷೆಯಂತೆ; ಅಲ್ಲಿ ಕತ್ತಲಲ್ಲಿ ಬರುತ್ತಿರುವುದು ಮನುಷ್ಯನೋ ಪ್ರಾಣಿಯೋ ಎಂದು ಆ ಡಬ್ಬಿ ಹೇಳಬೇಕಂತೆ. ಇದನ್ನು ನಮಗೆ ತಿಳಿಸಿದವನು ಇಂಡಿ ಊರಿನ ಒಬ್ಬ ಗುಮಾಸ್ತ. ಜೀಪಿನವರ ಮೇಲಿನ ಸಾಹೇಬನ ಹಿಂದಿಯನ್ನು ನಮ್ಮ ಮಾತಿಗೆ ತಿರುಗಿಸುವುದು ಅವನ ಕೆಲಸ.

ನಾವು ಕುರಿಗಳಿಗೆ ನೀರು ಕುಡಿಸುತ್ತಿದ್ದ ಬಾವಿ ಅವರ ತಂತಿಬೇಲಿಯೊಳಗೆ ಸೇರಿಹೋಗಿತ್ತು. ನೀರು ಕೇಳಲು ನಾನೂ ಗಂಡನೂ ಹೋದೆವು.

"ಮೊದಲ ಕುರಿ ಡಬ್ಬಿ ಮ್ಯಾಲ ನಡಸ್ರಿ," ಎಂದ ಗುಮಾಸ್ತ. "ಸಪ್ಪಳ ಬರಕೊಂಡ ಮ್ಯಾಲ ನೀರ ಕುಡಸಾಕ ಬಿಡ್ತಾರಂತ."

"ಗಬ್ಬದ ಕುರಿ ಅದಾವ್ರಿ. ನಿನ್ನಿಯಿಂದ ನೀರ ಕಂಡಿಲ್ಲ," ಎಂದೆ ನಾನು.

ಸುಸ್ತಾದ ಪ್ರಾಣಿಯ ಹೆಜ್ಜೆಯೂ ಬೇಕು ಎಂದನಂತೆ ಸಾಹೇಬ.

ಸುಡುವ ಮಧ್ಯಾಹ್ನದಲ್ಲಿ ಹಿಂಡನ್ನು ಡಬ್ಬಿ ಹೂತ ನೆಲದ ಮೇಲೆ ಹೊಡೆದುಕೊಂಡು ಹೊರಟೆವು. ಗಂಡ ಮುಂದೆ, ನಾನು ನಡುವೆ, ಹಿಂದಿನಿಂದ ಕೋಲು ಹಿಡಿದ ಒಬ್ಬ ಸಿಪಾಯಿ. ಒಂದು ಕುರಿಯ ಕಾಲು ಬಿರುಕಿಗೆ ಸಿಕ್ಕಿತು. ಬಿದ್ದಲ್ಲೇ ಅದು ಈಯತೊಡಗಿತು. ನಾನು ಬಗ್ಗಿದೆ.

"ನಿಂದರಬ್ಯಾಡ ಯವ್ವಾ! ಅಳತಿ ಕೆಡತೈತಿ!" ಗುಮಾಸ್ತ ಕೂಗಿದ.

ಸಿಪಾಯಿ ಹಿಂದಿನ ಕುರಿಗಳಿಗೆ ಬಾರಿಸಿದ. ನೀರಿನ ವಾಸನೆ ಹಿಡಿದಿದ್ದ ಹಿಂಡು ಬಿದ್ದ ಕುರಿಯನ್ನು ತುಳಿದುಕೊಂಡೇ ಹಾದುಹೋಯಿತು. ನಾನು ಎಳೆದುಕೊಂಡಾಗ ಮರಿ ಸತ್ತಿತ್ತು. ತಾಯಿ ಅದನ್ನು ನೆಕ್ಕಲು ಕತ್ತು ಚಾಚಿ, ಎಟಕದೆ, ಕಣ್ಣು ಬಿಟ್ಟುಕೊಂಡೇ ಸತ್ತಿತು.

ಗಂಡನ ಕೈಯ ಕೋಲು ಕಿತ್ತುಕೊಂಡು, ಡಬ್ಬಿ ಹೂತ ನೆಲವನ್ನು ಬಡಿದೆ. "ತಗೋ, ಇದನ್ನ ಅಳತಿ ಮಾಡು! ಇದನ್ನೂ ಮಾಡು!"

ಡಬ್ಬಿಗಳ ಸಪ್ಪಳ ಬರೆದುಕೊಳ್ಳಲು ಸಾಹೇಬನ ಮೇಜಿನ ಮೇಲಿಟ್ಟಿದ್ದ ಯಂತ್ರದ ಮುಳ್ಳು ಕಾಗದದ ತುಂಬ ಓಡಾಡಿತು. ಸಾಹೇಬ ಅದನ್ನು ಬಗ್ಗಿ ನೋಡಿ, ನಕ್ಕು, ಏನೋ ಹೇಳಿದ.

"ಭಾಳ ಚಲೋ ಬಂದೈತಂತ," ಎಂದ ಗುಮಾಸ್ತ. "ಇನ್ನೊಮ್ಮಿ ಹಂಗ ಬಡೀಬೇಕಂತ. ಆಮ್ಯಾಲ ಬಾವಿಗೆ ಬಿಡ್ತಾರ."

ಗಂಡ ನನ್ನ ಮುಖ ನೋಡಲಿಲ್ಲ. ಬಾಯಿ ತೆರೆದು ನಿಂತಿದ್ದ ಕುರಿಗಳನ್ನೇ ನೋಡುತ್ತ, "ಬಡಿ," ಅಂದ.

ಬಡಿದೆ. ಸಾಹೇಬ ಕೈ ಎತ್ತುವವರೆಗೂ ಬಡಿದೆ. ಅಳು ಬರಲಿಲ್ಲ, ಅಂಗೈ ಮಾತ್ರ ಉರಿಯುತ್ತಿತ್ತು.

ಕುರಿಗಳು ನೀರು ಕುಡಿದವು. ಸತ್ತ ಕುರಿಯನ್ನು ಸಿಪಾಯಿಗಳು ತಮ್ಮ ಅಡುಗೆಗೆ ಎಳೆದೊಯ್ದರು. ಮರಿಯನ್ನು ಮಾತ್ರ ನಾನು ಕೊಡದೆ ಬದುವಿನಲ್ಲಿ ಹೂತೆ. ಮುಂದೆ ಜೀಪುಗಳು ಸಿಂದಗಿ ಕಡೆಗೆ ಹೋದವು. "ಬಡಿ" ಎಂದ ಗಂಡನೊಡನೆ ಆ ಬೇಸಿಗೆಯಿಡೀ ನಾನು ನೆಟ್ಟಗೆ ಮಾತಾಡಲಿಲ್ಲ. ಅವನೂ ಯಾಕೆಂದು ಕೇಳಲಿಲ್ಲ.