ಹದಿನಾರನೆಯ ಮೀನು

ಗುಲ್ಟೇಕಡಿ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರನ್ನು ನಾನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆ. ಅವರು ಬಣ್ಣದ ಕಲ್ಲಿನ ಚೂರುಗಳನ್ನು ಜೋಡಿಸಿ ಚಿತ್ರ ಮಾಡುತ್ತಿದ್ದರು. ಚೂರುಗಳ ಮುಖ ಕೆಳಗೆ ಮಾಡಿ, ಮೈದಾ ಅಂಟು ಬಳಿದ ಹಾಳೆಗೆ ಅಂಟಿಸುವುದು ಅವರ ಪದ್ಧತಿ. ಗೋಡೆಗೆ ಕೂರಿಸಿ ಹಾಳೆ ಬಿಚ್ಚುವವರೆಗೆ ಚಿತ್ರ ಹೇಗೆ ಬಂದಿದೆಯೆಂದು ಅವರಿಗೂ ಕಾಣುತ್ತಿರಲಿಲ್ಲ. ಚಿತ್ರದ ಮುಖ ನೋಡಬೇಕೆಂದು ನಾನು ಚಡಪಡಿಸಿದಾಗಲೆಲ್ಲ, "ಮಾರಿ ಆಮ್ಯಾಲೆ ನೋಡೂಣು, ತಂಗಿ," ಅನ್ನುತ್ತಿದ್ದರು.

ಬಾದಾಮಿಯ ಗುಹೆಯ ಚಾವಣಿಯಲ್ಲಿ ಒಂದು ಚಕ್ರವಿದೆ. ಅದರ ಹದಿನಾರು ಅರಗಳೂ ಮೀನುಗಳು. ಮಗರಪಟ್ಟಾದ ಒಂದು ಮನೆಯ ಗೋಡೆಗೆಂದು ಮಾವಶಿ ಅದನ್ನೇ ಮಾಡಿದರು. ಒಯ್ಯುವ ದಿನ ನಾನೂ ಹೊರಟೆ. ಮಾರ್ಕೆಟ್ ಯಾರ್ಡಿನಿಂದ ತಂದ, ಮಾವಿನಹಣ್ಣಿಗೆ ಹಾಸುವ ಹುಲ್ಲನ್ನು ಟೆಂಪೊದಲ್ಲಿ ಹರಡಿ, ಎರಡು ಹಲಗೆಗಳ ನಡುವೆ ಚಕ್ರವನ್ನು ಮಲಗಿಸಿದೆವು. ಪ್ರತಿ ಸ್ಪೀಡ್ ಬ್ರೇಕರಿಗೂ ನಾನು ಹಲಗೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿಯುತ್ತಿದ್ದೆ.

"ಒಮ್ಮೆ ಬಿಚ್ಚಿ ನೋಡೂಣ್ರಿ."

"ಮಾರಿ ಆಮ್ಯಾಲೆ."

ಆ ಮನೆ ತಲುಪಿ, ಹಸಿ ಸಿಮೆಂಟ್ ಬಳಿದ ಗೋಡೆಗೆ ಚಕ್ರವನ್ನು ಒತ್ತಿ, ಹಾಳೆಯನ್ನು ನೀರಿನಿಂದ ನೆನೆಸಿ, ಮಾವಶಿ ಸ್ಟೂಲಿನ ಮೇಲೆ ನಿಂತು ಮೂಲೆ ಹಿಡಿದು ಎಳೆದರು. ಮೀನುಗಳು ಹೊಳೆಯುತ್ತ ಒಂದೊಂದಾಗಿ ಹೊರಬಂದವು. ನಾನು ಗಟ್ಟಿಯಾಗಿ ಎಣಿಸಿದೆ. ಹದಿನಾರನೆಯದಕ್ಕೆ ಕಣ್ಣಿರಲಿಲ್ಲ, ಅದು ಹಾಳೆಗೇ ಅಂಟಿಕೊಂಡು ಬಂದಿತ್ತು. ಮಾವಶಿ ಆ ಕರಿ ಚೂರನ್ನು ಬಿಡಿಸಿ ನನ್ನ ಅಂಗೈಗಿಟ್ಟರು.

"ಒತ್ತು. ಸಿಮೆಂಟ್ ಇನ್ನೂ ಹಸಿ ಅದ."

ನಾನು ಒತ್ತಿದೆ; ಮೀನಿನ ಕಣ್ಣು ವಾರೆಯಾಗಿ ಕೂತಿತು. "ನೀವಽ ಸರಿ ಮಾಡ್ರಿ," ಎಂದೆ. ಅವರು ಸ್ಟೂಲಿನಿಂದ ಇಳಿದು, ಬಾಗಿಲವರೆಗೆ ಹಿಂದೆ ಸರಿದು, ಮೊದಲ ಸಲ ಇಡೀ ಚಕ್ರದ ಮಾರಿ ನೋಡಿದರು.

"ಹದಿನೈದು ತಮ್ಮ ಹಾದಿ ನೋಡ್ಕೋತ ಹೊಂಟಾವ. ಇದೊಂದು ನಿನ್ನ ನೋಡ್ಲಿಕ್ಕತ್ತದ. ಇರಲಿ ಬಿಡು."